ಹಂದರದ ಖರ್ಚು

ದೊಡ್ಡ ಮನೆಯಲ್ಲಿ ಖರ್ಚು ಕಡಿಮೆ ಮಾಡೋಣ ಎಂಬ ಮಾತು ಎದ್ದರೆ ಮೊದಲು ಕತ್ತರಿ ಬೀಳುವುದು ಚಹಾಕ್ಕೆ. ಆಮೇಲೆ ಹಾಲಿಗೆ, ಶೇಂಗಾ ಎಣ್ಣೆಗೆ, ಸಂತೆಯಿಂದ ಬರುವ ಕಾಯಿಪಲ್ಲೆಗೆ. ಪಡಸಾಲೆಯಲ್ಲಿ ಕುಂತವರು ಒಳಗಿನವರಿಗೆ ಕೇಳುವ ಹಾಗೆ ಹೇಳುತ್ತಾರೆ: "ಅಡಿಗಿ ಮನ್ಯಾಗ ಭಾಳ ದಂಡ ಆಗಾಕತ್ತೈತಿ, ಸ್ವಲ್ಪ ಕೈ ಹಿಡದ ಮಾಡ್ರಿ."

ನೇಸರಗಿಯ ಹದಿನೇಳು ಮಂದಿಯ ಮನೆಗೆ ನಾನು ಹಿರಿಸೊಸೆ. ಬಂದಾಗಿನಿಂದ ಒಲೆಯ ಲೆಕ್ಕ ನನ್ನ ಕೈಯಲ್ಲಿದೆ. ಆ ಲೆಕ್ಕ ಇಟ್ಟೂ ಇಟ್ಟೂ ನನಗೆ ಖಾತ್ರಿಯಾದ ಮಾತೊಂದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಎಷ್ಟೋ ದೊಡ್ಡ ಮನೆಗಳು ಸಾಲಕ್ಕೆ ಬಿದ್ದದ್ದನ್ನು ನೋಡಿದ್ದೇನೆ. ರೊಟ್ಟಿ ತಿಂದು ಬಿದ್ದ ಮನೆ ಒಂದನ್ನೂ ನೋಡಿಲ್ಲ. ಅವನ್ನೆಲ್ಲ ಕೆಡವಿದ್ದು ಹಂದರ. ಲಗ್ನ, ಕುಬಸ, ಜಾವಳ, ವಾಸ್ತುಶಾಂತಿ, ಅವುಗಳ ಬೆನ್ನಿಗೆ ಬರುವ ಆಹೇರು, ಬಂಗಾರ, ಡಿಜೆ. ಮಂದಿ ಕಣ್ಣಿಗೆ ಕಾಣಲೆಂದು ಮಾಡುವ ಖರ್ಚೆಲ್ಲ ನನ್ನ ಲೆಕ್ಕದಲ್ಲಿ ಹಂದರದ ಖರ್ಚು.

ಒಲೆಯನ್ನೇ ಮೊದಲು ನೋಡೋಣ. ನಮ್ಮಲ್ಲಿ ದಿನಕ್ಕೆ ಐವತ್ತೈದು ಅರವತ್ತು ರೊಟ್ಟಿ ಬಡಿಯಬೇಕು. ಅದಕ್ಕೆ ಐದು ಕಿಲೋ ಹತ್ತಿರ ಜೋಳದ ಹಿಟ್ಟು. ವರ್ಷಕ್ಕೆ ಹದಿನೇಳು ಹದಿನೆಂಟು ಕ್ವಿಂಟಲ್ ಜೋಳ. ಮಧ್ಯಾಹ್ನ ಪುಂಡಿಪಲ್ಯವೋ ಮಡಕಿಕಾಳೋ ಝುಣಕವೋ, ರಾತ್ರಿ ಬ್ಯಾಳಿ, ಅನ್ನ, ಮಜ್ಜಿಗೆ. ಬಾಜೂಕ್ಕೆ ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ. ಇದರಲ್ಲಿ ಕತ್ತರಿಸುವುದಕ್ಕೆ ಏನಿದೆ? ಕತ್ತರಿಸಿದರೆ ಅದು ಯಾರ ತಾಟಿನಿಂದ ಹೋಗುತ್ತದೆ ಎಂಬುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಗಂಡಸರು, ಮಕ್ಕಳು, ಅತ್ತೆ ಉಂಡೆದ್ದ ಮೇಲೆ ಒಲೆಯ ಮುಂದೆ ಕೂಡುವವರ ತಾಟಿನಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತು. ಮನೆಯ ಸಾಲ ತೀರಿಸಲೆಂದು ಆ ತಾಟಿನ ಇನ್ನೊಂದು ರೊಟ್ಟಿ ತೆಗೆಯುವುದು ನನ್ನ ಕಣ್ಣಿಗೆ ಉಳಿತಾಯವಾಗಿ ಕಾಣುವುದಿಲ್ಲ. ಅದು ಕಳವು.

ಮಾವನವರ ಕಾಲದಲ್ಲಿ ಜೋಳ ಕೊಂಡು ತಂದದ್ದನ್ನು ಅತ್ತೆ ಕಂಡಿಲ್ಲವಂತೆ. ಕರಿ ಮಣ್ಣಿನ ಹೊಲ. ಹಿಂಗಾರಿಗೆ ಬಿಳಿಜೋಳ, ಅದರ ನಡುವೆ ಅಕ್ಕಡಿಯಾಗಿ ಕುಸುಬಿ, ಕಡಲೆ. ಬೈಲಹೊಂಗಲದ ಪೇಟೆಗೆ ಹತ್ತಿ ಹೋಗುತ್ತಿತ್ತು, ಹತ್ತಿಯ ರೊಕ್ಕದಲ್ಲಿ ಅರಿವೆ, ಉಪ್ಪು, ಬೆಲ್ಲ. ಕಾಳು ಹಗೇವಿಗೆ. ಕುಸುಬಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಮನೆಗೆ. ಕಣಿಕೆ ಎಮ್ಮೆಗೆ, ಎಮ್ಮೆಯ ಹಾಲು ಮಕ್ಕಳಿಗೆ. ಆಮೇಲೆ ನೀರು ಬಂದಿತು, ಬೋರು ಬಂದಿತು, ಅದರ ಹಿಂದೆ ಕಬ್ಬು ಬಂದಿತು. ನಮ್ಮ ಏಳು ಎಕರೆಯಲ್ಲಿ ಆರು ಎಕರೆ ಕಬ್ಬಾಯಿತು. ಕಬ್ಬು ಕೆಟ್ಟ ಬೆಳೆ ಎಂದು ನಾನು ಹೇಳುವುದಿಲ್ಲ. ಮಕ್ಕಳ ಓದು, ಮನೆಯ ಸ್ಲ್ಯಾಬು ಅದರಿಂದಲೇ ಆಗಿದೆ. ಆದರೆ ಅದರ ರೊಕ್ಕ ವರ್ಷಕ್ಕೊಮ್ಮೆ ಬರುತ್ತದೆ, ನಮ್ಮ ಹಸಿವೆ ದಿನಾ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಬೇಕು. ಆ ಬಡ್ಡಿ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ರೈತರು ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ಕುಳಿತು ಟನ್ನಿಗೆ 3,500 ಕೇಳಿದರು. ಕಡೆಗೆ 3,300ಕ್ಕೆ ಮಾತಾಯಿತು. ಅಲ್ಲಿ ಕುಳಿತವರ ಮನೆಗಳಲ್ಲೆಲ್ಲ ಅದೇ ಹೊತ್ತಿಗೆ ಕಿರಾಣಿ ಅಂಗಡಿಯ ಉದ್ರಿ ವಹಿ ಬೆಳೆಯುತ್ತಿತ್ತು ಎಂದು ನಾನು ಎದೆ ಮುಟ್ಟಿ ಹೇಳಬಲ್ಲೆ.

ನಮ್ಮ ಮನೆಯ ಸಾಲ ಎಷ್ಟು ಎಂದು ಯಾರನ್ನು ಕೇಳಿದರೂ ಆಗ ಒಂದೊಂದು ಉತ್ತರ. ನಮ್ಮವರು ಎಂಟು ಲಕ್ಷ ಅನ್ನುತ್ತಿದ್ದರು. ದೊಡ್ಡ ಮೈದುನ ಏಳು ಅಂದ. ಅತ್ತೆಗೆ ಸೊಸೈಟಿಯದೊಂದೇ ಗೊತ್ತಿತ್ತು. ಕಿರಿಯ ಮೈದುನನ ಮಗನ ನಿಶ್ಚಯದ ಮಾತು ನಡೆದಿದ್ದ ದಿನಗಳವು. ಒಂದು ಅಮಾಸಿಯ ರಾತ್ರಿ ಊಟವಾದ ಮೇಲೆ ಅತ್ತೆ ಎಲ್ಲರನ್ನೂ ಪಡಸಾಲೆಗೆ ಕರೆದರು.

"ಎಲ್ಲಾರೂ ಕುಂದರ್ರಿ. ಹೆಣ್ಣಮಕ್ಕಳೂ ಬರ್ರಿ, ಭಾಂಡಿ ಆಮ್ಯಾಲ ತಿಕ್ಕೂಣಂತ. ಯಾರ ಹೆಸರಿನ್ಯಾಗ ಎಷ್ಟ ಐತಿ, ಇವತ್ತ ಬಾಯಿ ಬಿಟ್ಟ ಹೇಳ್ರಿ. ಯಾರೂ ಯಾರ ಮ್ಯಾಲೂ ಸಿಟ್ಟ ಮಾಡಾಂಗಿಲ್ಲ."

ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾನು ಬರೆದುಕೊಂಡೆ. ಸೊಸೈಟಿಯ ಬೆಳೆಸಾಲ 3 ಲಕ್ಷ. ಬಂಗಾರದ ಮೇಲೆ ತಂದದ್ದು 2 ಲಕ್ಷ 40 ಸಾವಿರ. ನನ್ನ ದೊಡ್ಡ ಮಗಳ ಲಗ್ನಕ್ಕೆ ಮೂರು ಕಡೆ ಮಾಡಿದ ಕೈಗಡ 4 ಲಕ್ಷ 50 ಸಾವಿರ. ಬೈಕು, ಮೊಬೈಲಿನ ಕಂತು ಉಳಿದದ್ದು 1 ಲಕ್ಷ 12 ಸಾವಿರ. ಗೊಬ್ಬರದ ಅಂಗಡಿ 60 ಸಾವಿರ. ಕಿರಾಣಿ 38 ಸಾವಿರ. ಮುಗಿಯಿತೆಂದು ಪೆನ್ನು ಮುಚ್ಚುವ ಹೊತ್ತಿಗೆ ಕಿರಿಯ ನೆಗೆಣ್ಣಿ ಸೆರಗಿನ ತುದಿ ಹಿಡಿದು ಎದ್ದು ನಿಂತಳು.

"ಅಕ್ಕಾ, ನಂದೂ ಬರಕೊಳ್ರಿ. ಫೈನಾನ್ಸಿನ್ಯಾಗ ಎರಡ ತೊಗೊಂಡೇನ್ರಿ. ಹೇಳಿದ್ರ ಮನ್ಯಾಗ ಜಗಳ ಆಕ್ಕೈತಂತ ಹೇಳಿದ್ದಿಲ್ಲ."

ಆಕೆ ಬಾಯಿ ತೆಗೆದ ಮೇಲೆ ನಡುವಿನವಳೂ ಹೇಳಿದಳು, ಮನೆಯ ಇನ್ನೊಬ್ಬ ಸೊಸೆಯೂ ಹೇಳಿದಳು. ಕೂಡಿಸಿದರೆ 2 ಲಕ್ಷ 10 ಸಾವಿರ. ಎಲ್ಲ ಸೇರಿ 14 ಲಕ್ಷ 10 ಸಾವಿರ.

ಆ ಹಾಳೆಯನ್ನು ಮನೆಯ ಎಲ್ಲರೂ ನೋಡಿದರು. ಹದಿನೇಳು ಮಂದಿ ಉಂಡದ್ದರ ಬಾಕಿ ಕಿರಾಣಿಯ 38 ಸಾವಿರ, ನೂರಕ್ಕೆ ಮೂರರಷ್ಟೂ ಇಲ್ಲ. ಒಂದೇ ಲಗ್ನದ ಕೈಗಡ, ಅದಕ್ಕೆಂದೇ ಒತ್ತೆ ಇಟ್ಟ ಬಂಗಾರ ಸೇರಿದರೆ ಹತ್ತಿರ ಹತ್ತಿರ ಅರ್ಧ. ಕೈಗಡದ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಅಂದರೆ ತಿಂಗಳಿಗೆ 13,500. ನಮ್ಮ ಇಡೀ ಮನೆಯ ತಿಂಗಳ ಕಿರಾಣಿಯೂ ಸುಮಾರು ಅಷ್ಟೇ. ಎರಡು ಮನೆಯ ಅಡಿಗೆ ಮಾಡಿ ಒಂದನ್ನು ಪ್ರತಿ ತಿಂಗಳೂ ಹೊರಗೆ ಒಯ್ದು ಸುರಿದು ಬರುತ್ತಿದ್ದೆವು. "ಚಾದಾಗಿನ ಸಕ್ರಿ ಎಣಿಸಿದ್ರ ಇದು ತೀರಾಂಗಿಲ್ಲ ವೈನಿ" ಎಂದ ದೊಡ್ಡ ಮೈದುನ. ಅವನ ಬಾಯಿಂದ ಆ ಮಾತು ಕೇಳಿ ನನಗೆ ಎಷ್ಟೋ ವರ್ಷದ ಭಾರ ಇಳಿಯಿತು.

ಫೈನಾನ್ಸಿನ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೂಡಿ ಬಾಳುವ ಮನೆಗಳಿಗೆ ಅದರ ಹೊಡೆತ ಬೇರೆ ರೀತಿಯದು. 2022ರ ಏಪ್ರಿಲಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವುದು ಮೈಕ್ರೋ ಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲದ ಕಂತೂ ಕೂಡಿ ತಿಂಗಳ ಆದಾಯದ ಅರ್ಧ ದಾಟಬಾರದು. ಒಳ್ಳೆಯ ನಿಯಮ. ಆದರೆ ಆ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಲಗ್ನವಾಗದ ಮಕ್ಕಳು. ನಮ್ಮದು ಒಂದು ಒಲೆ, ಒಂದು ಹೊಲ, ಒಂದು ಕಬ್ಬಿನ ಬಿಲ್ಲು. ಕಾಗದದ ಮೇಲೆ ನಾಲ್ಕು ಕುಟುಂಬ. ನಾಲ್ಕು ಸೊಸೆಯಂದಿರಿಗೆ ನಾಲ್ಕು ಕಡೆ ಸಾಲ ಹುಟ್ಟುತ್ತದೆ, ವಾರದ ನಾಲ್ಕೂ ಕಂತಿಗೆ ಅದೇ ಕಬ್ಬಿನ ಬಿಲ್ಲಿನ ದಾರಿ ಕಾಯಬೇಕು. ಸಾಲ ಕೊಡುವ ಹೊತ್ತಿಗೆ ಬೇರೆ ಬೇರೆ, ವಸೂಲಿಗೆ ಬಂದಾಗ ಒಂದೇ ಕಟ್ಟೆ. ನಮ್ಮ ಓಣಿಯಲ್ಲಿ ಕಂತಿನ ದಿನ ಬೆಳಗಾಗುವ ಮೊದಲೇ ಹೊಲಕ್ಕೆ ಹೋಗಿ ಕೂಡುವ ಹೆಣ್ಣುಮಕ್ಕಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತೇನೆ: ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಯವರು ಫೋನು ಮಾಡಿ ಕಾಡುವಂತಿಲ್ಲ ಎಂದು ಅದೇ ರಿಸರ್ವ್ ಬ್ಯಾಂಕ್ ಹೇಳಿದೆ. ನೋಂದಣಿ ಇಲ್ಲದವರ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದಿತು. ಅಂಜಿ ಹೊಲಕ್ಕೆ ಹೋಗುವ ಕಾರಣವಿಲ್ಲ.

ಸೊಸೈಟಿಯ ಸಾಲದ ಬಗ್ಗೆಯೂ ಒಂದು ಮಾತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತ ಸಾವಕಾರನ ಬಾಗಿಲಿಗೆ ಹೋಗದಿರಲಿ ಎಂದು. ಇವತ್ತು ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ, ಬಡ್ಡಿಯೇ ಇಲ್ಲ. ಬೀಜ ಗೊಬ್ಬರಕ್ಕೆಂದು ತಂದ ಆ ರೊಕ್ಕ ಜವಳಿ ಅಂಗಡಿಗೆ ಹೋದರೆ ಗೊಬ್ಬರಕ್ಕೆ ಬೇರೆ ಸಾಲ, ಸೊಸೈಟಿಯ ಗಡುವು ಬಂದಾಗ ತಿರುವಿ ಹಾಕುವುದಕ್ಕೆ ಮತ್ತೆ ನೂರಕ್ಕೆ ಮೂರರ ಕೈಗಡ. ಬಡ್ಡಿಯಿಲ್ಲದ ಸಾಲದ ಬೆನ್ನ ಮೇಲೆ ಎಲ್ಲಕ್ಕಿಂತ ದುಬಾರಿಯ ಸಾಲ ಹತ್ತಿ ಕೂಡುತ್ತದೆ.

ಇನ್ನು ಹಂದರ. ನಮ್ಮ ಕಡೆಯ ಲಗ್ನದಲ್ಲಿ ಊಟಕ್ಕೆ ಆಗುವ ಖರ್ಚನ್ನು ನಾನು ದೂರುವುದಿಲ್ಲ. ಗೋಧಿ ಹುಗ್ಗಿ, ಬದನಿಕಾಯಿ ಪಲ್ಯ, ಅನ್ನ ಸಾರು. ಊರು ಉಂಡು ಹೋದರೆ ಪುಣ್ಯ. ಹಿಂದೆ ಲಗ್ನಕ್ಕೆ ಎಂಟು ದಿನ ಇರುವಾಗಲೇ ಓಣಿಯ ಹೆಣ್ಣುಮಕ್ಕಳು ಕೂಡಿ ಕಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಡುತ್ತಿದ್ದರು. ಹಿಟ್ಟು ಮನೆಯದು, ಕೈ ಊರಿನದು. ದುಡ್ಡು ಹರಿದು ಹೋಗುವುದು ಬೇರೆ ಕಡೆ. ಆಹೇರು ನೋಡಿರಿ. ಬೀಗರಿಗೆ, ಬೀಗರ ಬೀಗರಿಗೆ, ಸೋದರಮಾವಂದಿರಿಗೆ, ಅವರ ಹೆಂಡಂದಿರಿಗೆ ಸೀರೆ, ಕುಬಸದ ಖಣ, ಟಾವೆಲ್ಲು, ಟೊಪ್ಪಿಗೆ. ನಮ್ಮ ಮಗಳ ಲಗ್ನಕ್ಕೆ ಬೆಳಗಾವಿಯಿಂದ ತಂದ ಆಹೇರಿನ ಸೀರೆ ನೂರರ ಮೇಲೆ. ಅವುಗಳಲ್ಲಿ ಉಡುವಂಥವು ಬೆರಳೆಣಿಕೆಯಷ್ಟು. ಉಳಿದವು ಮುಟ್ಟಿದ ಮನೆಯ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಕುಳಿತು, ಮುಂದಿನ ಲಗ್ನದಲ್ಲಿ ಇನ್ನೊಂದು ಮನೆಗೆ ಹೋಗುತ್ತವೆ. ಒಮ್ಮೆ ನಾವು ಕೊಟ್ಟ ಸೀರೆಯೇ ತಿರುಗಿ ನಮ್ಮ ಮನೆಗೆ ಬಂದಿತು. ಸೆರಗಿನ ಅಂಚಿಗಿದ್ದ ಅರಿಷಿಣದ ಕಲೆಯಿಂದ ಅತ್ತೆ ಗುರುತು ಹಿಡಿದರು. ಒಬ್ಬರೂ ಉಡದ ಅರಿವೆಗೆ ಒಂದು ಮನೆ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದೆ.

ಬಂಗಾರದ್ದು ಇನ್ನೂ ದೊಡ್ಡ ಕಥೆ. ಐದು ತೊಲಿ ಹಾಕಬೇಕು ಎಂಬ ಮಾತು 2015ರ ಹೊತ್ತಿಗೂ ಇತ್ತು, ಈಗಲೂ ಇದೆ. ಆಗ ತೊಲಿಗೆ ಇಪ್ಪತ್ತಾರು ಇಪ್ಪತ್ತೇಳು ಸಾವಿರ ಇತ್ತು. 2025ರಲ್ಲಿ ಲಕ್ಷ ದಾಟಿತು. ಕೇಳುವವರ ಬಾಯಿ ಮಾತ್ರ ಐದು ತೊಲಿಗೇ ನಿಂತಿದೆ. ಒಂದು ಲಕ್ಷ ಮೂವತ್ತು ಸಾವಿರದ ಸುಮಾರಿಗೆ ಆಗುತ್ತಿದ್ದದ್ದು ಐದು ಲಕ್ಷದ ಮೇಲೆ ಹೋದರೂ ಹೆಣ್ಣಿನ ಮನೆಯವರು ತೊಲಿ ಇಳಿಸುವ ಮಾತಾಡಲು ನಾಚುತ್ತಾರೆ. ವರದಕ್ಷಿಣೆ 1961ರಿಂದ ಅಪರಾಧ. ನಮ್ಮ ಕಡೆ ಅದನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ, "ನಿಮ್ಮ ಮಗಳಿಗೆ ನೀವ ಹಾಕೂದು" ಅನ್ನುತ್ತಾರೆ. ಹೆಣ್ಣು ಹೆತ್ತವರ ಬೆನ್ನು ಮುರಿಯುವ ಈ ಮಾತನ್ನು ಗಂಡಿನ ಮನೆಯವರೇ ಮೊದಲು ಬಿಡಬೇಕು. ನಮ್ಮ ಮನೆಯಲ್ಲಿ ಈಗ ಲಗ್ನಕ್ಕೆ ಬಂದವರು ಗಂಡುಮಕ್ಕಳು. ನಾವು ಬಿಟ್ಟಿದ್ದೇವೆ.

ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಶುರು ಮಾಡಿದರು. ನಮ್ಮ ಸೀಮೆಯ ಮಠಗಳ ಜಾತ್ರೆಯಲ್ಲೂ ಸಾಮೂಹಿಕ ಲಗ್ನ ಆಗುತ್ತವೆ. ಆದರೆ ಅಲ್ಲಿಗೆ ಬಡವರು ಹೋಗುತ್ತಾರೆ ಎಂಬ ಭಾವನೆ ನಮ್ಮವರಲ್ಲಿ ಗಟ್ಟಿ ಕುಳಿತಿದೆ. ಏಳು ಎಕರೆಯವರು, ಸಾಲ ಹದಿನಾಲ್ಕು ಲಕ್ಷ ಇದ್ದರೂ, "ಮಂದಿ ಏನಂದಾರು" ಎಂದು ಆ ಕಡೆ ಹೊರಳುವುದಿಲ್ಲ. ಹೊಲ ಇದ್ದವರ ಹತ್ತು ಮನೆ ಒಂದೇ ವರ್ಷ ಆ ಹಂದರದಲ್ಲಿ ಅಕ್ಕಿಕಾಳು ಹಾಕಿಸಿಕೊಂಡರೆ ಈ ಭಾವನೆ ಹೋಗುತ್ತದೆ. ಇದನ್ನು ಸ್ವಾಮಿಗಳು ಹೇಳಿದರೆ ಸಾಲದು, ಊರಿನ ಪಾಟೀಲರು, ಶೆಟ್ಟರು, ಮಾಸ್ತರರು ಮೊದಲು ತಮ್ಮ ಮಕ್ಕಳನ್ನು ಕೂಡಿಸಬೇಕು.

ಶ್ರಾವಣದ ಪುರಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ಬರುತ್ತದೆ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿ ಅವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚಿಗೆ ತಂದರೆ, ಲಕ್ಕಮ್ಮ ಹೆಚ್ಚಿನದನ್ನು ತಿರುಗಿ ಅಲ್ಲೇ ಸುರಿದು ಬರಲು ಹೇಳಿದಳು. ಪ್ರವಚನಕಾರರು ಇದನ್ನು ಆಸೆಯ ಮಾತಾಗಿ ವಿವರಿಸುತ್ತಾರೆ, ಸರಿಯೇ. ನನಗೆ ಅದರಲ್ಲಿ ಹೆಚ್ಚು ಹಿಡಿಸುವುದು ಬೇರೆ. ಮನೆಗೆ ಏನು ಬಂತು, ಎಷ್ಟು ಬಂತು, ಎಲ್ಲಿಂದ ಬಂತು ಎಂಬುದು ಒಲೆಯ ಮುಂದಿನ ಹೆಣ್ಣಿಗೆ ತಿಳಿದಿತ್ತು. ಆಕೆ ಬೇಡ ಅಂದರೆ ಗಂಡ ತಿರುಗಿ ಹೋದ. ಹನ್ನೆರಡನೆಯ ಶತಮಾನದ ಆ ಮನೆಯಲ್ಲಿ ಇದ್ದದ್ದು ಇವತ್ತು ನಮ್ಮ ಎಷ್ಟು ಮನೆಗಳಲ್ಲಿದೆ? ಖರ್ಚಿನ ಬೈಗುಳ ಹೆಣ್ಣುಮಕ್ಕಳಿಗೆ, ಸಾಲದ ಕಾಗದ ಗಂಡಸರ ಕಿಸೆಯಲ್ಲಿ.

ಆ ರಾತ್ರಿಯ ಹಾಳೆಯನ್ನು ಹಿಡಿದು ನಾವು ಮಾಡಿದ ಮೊದಲ ಕೆಲಸಕ್ಕೆ ಅತ್ತೆಯೇ ಕೈ ಹಾಕಿದರು. ಒತ್ತೆ ಇಟ್ಟ ಒಡವೆಯಲ್ಲಿ ತಮ್ಮ ಪಾಟ್ಲಿ ಬಿಲ್ವಾರ ಇದ್ದವು. ಅವನ್ನು ಬಿಡಿಸಿ ಮಾರಲು ಹೇಳಿದರು; ದರ ಏರಿದ್ದರಿಂದ ಬಂಗಾರದ ಸಾಲ ಪೂರ್ತಿ ತೀರಿ, ಕೈಗಡಕ್ಕೂ ಒಂದಿಷ್ಟು ಸಂದಿತು. ಸೊಸೆಯಂದಿರ ಒಡವೆ ಮುಟ್ಟಬೇಡಿರೆಂದು ಅವರು ಕಟ್ಟುನಿಟ್ಟು ಮಾಡಿದರು. ಹೆಚ್ಚಿನ ಬಡ್ಡಿಯ ಸಾಲ ಮೊದಲು ತೀರಲಿ, ಕಬ್ಬಿನ ಬಿಲ್ಲಿನ ಮೊದಲ ಕಂತು ಅದಕ್ಕೇ ಹೋಗಲಿ ಎಂದಾಯಿತು. ಒಂದು ಬೈಕು ಮಾರಿದೆವು. ಗುಟ್ಕಾ, ಇಸ್ಪೀಟು, ಕುಡಿತ, ಮೊಬೈಲಿನ ಜೂಜು: ಇವುಗಳ ಬಗ್ಗೆ ಚರ್ಚೆಗೇ ಅವಕಾಶ ಇರಲಿಲ್ಲ, ಇರಲೂ ಬಾರದು. ಎರಡೂವರೆ ಎಕರೆ ಕಬ್ಬು ಕಿತ್ತು ಮತ್ತೆ ಬಿಳಿಜೋಳ ಬಿತ್ತಿದೆವು. ಮಳೆ ಸರಿಯಾದ ವರ್ಷ ಮನೆಗೆ ಬೇಕಾದ ಜೋಳದಲ್ಲಿ ಬಹುಪಾಲು ಹೊಲದಿಂದಲೇ ಬರುತ್ತದೆ, ಎರಡು ಎಮ್ಮೆಗೆ ಕಣಿಕೆಯೂ ಆಗುತ್ತದೆ. ನಡುವಿನ ನೆಗೆಣ್ಣಿ ಬೆಳಗಾವಿಯ ಖಾನಾವಳಿಯೊಂದಕ್ಕೆ ಕಡಕ್ ರೊಟ್ಟಿ ಕೊಡುತ್ತಾಳೆ. ಆ ರೊಕ್ಕ ಆಕೆಯದು, ಮನೆಯ ಹಾಳೆಗೆ ಅದನ್ನು ಹಚ್ಚಿಲ್ಲ.

ಮುಟ್ಟದೆ ಬಿಟ್ಟವೂ ಇವೆ. ಮಕ್ಕಳ ಹಾಲು, ಮಕ್ಕಳ ಫೀ. ಎಳ್ಳ ಅಮಾಸಿಯ ಚರಗ. ಬನದ ಹುಣ್ಣಿಮೆಯ ಎಲ್ಲಮ್ಮನ ಗುಡ್ಡ. ಬುತ್ತಿ ಕಟ್ಟಿಕೊಂಡು ಇಡೀ ಮನೆ ಕೂಡಿ ಹೋಗಿ ಬಂದರೆ ಡೀಸೆಲ್ಲಿಗೆ ಎಷ್ಟು ಮಹಾ ಆಗುತ್ತದೆ? ಆ ಒಂದು ದಿನ ಹದಿನೇಳು ಮಂದಿಯನ್ನು ವರ್ಷವೆಲ್ಲ ಕೂಡಿಸಿ ಇಡುತ್ತದೆ. ಯಶಸ್ವಿನಿ ಕಾರ್ಡು. 2022ರಲ್ಲಿ ಸರಕಾರ ಅದನ್ನು ಮತ್ತೆ ತಂದ ಮೇಲೆ ಹಳ್ಳಿಯ ಸಹಕಾರಿ ಸಂಘದ ಸದಸ್ಯರಿಗೆ ನಾಲ್ಕು ಮಂದಿಯವರೆಗೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100; ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಈ ರೊಕ್ಕ ಉಳಿಸಲು ಹೋಗಿ ಆಮೇಲೆ ಆಸ್ಪತ್ರೆಗೆಂದು ಹೊಲ ಬರೆದುಕೊಟ್ಟವರ ಮನೆ ನಮ್ಮ ಬೆನ್ನಿಗೇ ಇದೆ.

ಸರಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ತಿಂಗಳು ತಿಂಗಳು ಅತ್ತೆಯ ಖಾತೆಗೆ ಬರುತ್ತದೆ. 2023ರ ಆಗಸ್ಟಿನಲ್ಲಿ ಅದು ಶುರುವಾದಾಗ, ಕಂತಿಗೆ ಹಚ್ಚೋಣ ಎಂದು ನಮ್ಮ ಮನೆಯಲ್ಲೂ ಒಬ್ಬರು ಅಂದದ್ದುಂಟು. ಅತ್ತೆ ಕೊಡಲಿಲ್ಲ. ಅವರು ಮಾಡಿದ್ದು ಸರಿ. ಮರುವರ್ಷ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಆ ರೊಕ್ಕ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿದಾಗ ಕೆಲವರು ದುಂದು ಅಂದರು. ಆಕೆ ತನ್ನದನ್ನು ಉಳಿಸಿ ಉಣಿಸಿದಳು, ಯಾರ ಬಳಿಯೂ ಬಡ್ಡಿಗೆ ತರಲಿಲ್ಲ. ಅದನ್ನು ನಾನು ಹಂದರದ ಖರ್ಚಿಗೆ ಸೇರಿಸಲಾರೆ.

ಪಾಲಾದರೆ ಸಾಲ ತೀರುತ್ತದೆ ಅನ್ನುವವರಿಗೂ ಒಂದು ಮಾತು. ಧಾರವಾಡದ ಹತ್ತಿರದ ಲೋಕೂರಿನಲ್ಲಿ ನರಸಿಂಗನವರ ಮನೆತನ ನೂರೈವತ್ತಕ್ಕೂ ಹೆಚ್ಚು ಮಂದಿ ಕೂಡಿ ಬಾಳಿದ್ದಕ್ಕೆ ಹೆಸರಾಯಿತು. ಅಷ್ಟು ಮಂದಿ ಕೂಡಿ ಇರಬಲ್ಲರೆಂದರೆ ಮನೆ ದೊಡ್ಡದಾಗಿರುವುದೇ ಸಾಲಕ್ಕೆ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಾಲು ಮಾಡಿಕೊಂಡರೆ ಖರ್ಚು ಇಳಿಯುತ್ತದೆಂದು ನಂಬಿ ಬೇರೆಯಾದ ಮನೆಗಳಲ್ಲಿ ಒಂದು ಗ್ಯಾಸು ಇದ್ದಲ್ಲಿ ನಾಲ್ಕಾದವು, ಒಂದು ಟಿವಿ ಇದ್ದಲ್ಲಿ ನಾಲ್ಕಾದವು, ಸಾಲವೂ ನಾಲ್ಕು ಪಾಲಾಗಿ ನಾಲ್ಕೂ ಬೆಳೆದವು.

ಕಿರಿಯ ಮೈದುನನ ಮಗನ ಲಗ್ನ ಈ ಸಲ ಊರ ಗುಡಿಯ ಮುಂದೆ ಆಯಿತು. ಆಹೇರು ಕೊಡುವುದಿಲ್ಲ, ತರಬೇಡಿರಿ ಎಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದೆವು. ಸೋದರಮಾವಂದಿರಲ್ಲಿ ಇಬ್ಬರು ಸಿಟ್ಟಾಗಿ ಊಟಕ್ಕೆ ಕೂಡಲಿಲ್ಲ. ಅತ್ತೆ ಹೋಗಿ ಕೈ ಹಿಡಿದು ಎಬ್ಬಿಸಿಕೊಂಡು ಬಂದರು. ಓಣಿಯವರು ರೊಟ್ಟಿ ಬಡಿದರು. ಸಾಲ ಮಾಡಲಿಲ್ಲ. ಹಳೆಯದರಲ್ಲಿ ಇನ್ನೂ ಐದು ಲಕ್ಷದ ಮೇಲೆ ಉಳಿದಿದೆ, ಅದರಲ್ಲಿ ದೊಡ್ಡ ಪಾಲು ಬಡ್ಡಿಯಿಲ್ಲದ ಸೊಸೈಟಿಯದು.

ಇದನ್ನು ಓದುವ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಈ ಸಲದ ಕಬ್ಬಿನ ಬಿಲ್ಲು ಕೈಗೆ ಬರುವ ಮೊದಲು ಒಂದು ರಾತ್ರಿ ಮನೆಮಂದಿಯನ್ನೆಲ್ಲ ಕೂಡಿಸಿರಿ. ಸೊಸೆಯಂದಿರನ್ನೂ ಕೂಡಿಸಿರಿ, ಬುದ್ಧಿ ಬಂದ ಮಕ್ಕಳನ್ನೂ ಕೂಡಿಸಿರಿ. ಯಾರ ಮೇಲೂ ಸಿಟ್ಟು ಮಾಡುವುದಿಲ್ಲ ಎಂದು ಮೊದಲೇ ಹೇಳಿ, ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿರಿ. ಮುಂದಿನ ಲಗ್ನದ ಮಾತು ಅದಾದ ಮೇಲೆ ಆಡಿರಿ.